43 ಡಿಗ್ರಿ ಬಿಸಿಲಲ್ಲಿ ಕಣ್ಣಿಗೆ ಬಿಸಿ ಕಾವು: ನನ್ನ ಅನುಭವ

ಕಲಬುರಗಿಯ ಮೇ ತಿಂಗಳಲ್ಲಿ ಕಣ್ಣು ಮುಚ್ಚಿ, ರೆಪ್ಪೆ ಮೇಲೆ ಬಿಸಿ ಚೀಲ ಇಟ್ಟುಕೊಂಡು ಮಲಗಿದರೆ ಮನೆಯವರು ಸುಮ್ಮನಿರುತ್ತಾರಾ? ನಮ್ಮವ್ವ ಮೊದಲನೇ ದಿನವೇ, "ಊರೆಲ್ಲ ಕಣ್ಣಿಗಿ ತಂಪ ಮಾಡ್ಕೋತದ, ನೀ ಕಾವ ಇಟಗೊಂಡ ಮಲಗೀಯಲ್ಲೋ, ತಲಿ ಕೆಟ್ಟದೇನು?" ಅಂದರು. ಪಕ್ಕದ ಜೆರಾಕ್ಸ್ ಅಂಗಡಿಯ ಗೆಳೆಯನದೂ ಅದೇ ಮಾತು. ಎರಡು ಬೇಸಿಗೆ ಕಳೆದವು. ಈಗ ರಾತ್ರಿ ಊಟ ಆದ ಮೇಲೆ ಅವ್ವನೇ ಆ ಚೀಲ ಕೇಳಿ ಇಸಿದುಕೊಳ್ಳುತ್ತಾರೆ. ಹಾಗಾಗಿ ಕಣ್ಣು ಒಣಗುವ ತೊಂದರೆಗೆ (ಡ್ರೈ ಐ) ಈ ಕಾವು ನನಗೆ ಹೇಗೆ ಕೆಲಸ ಮಾಡಿತು ಅಂತ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧ ಮಾಡುವುದು. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪಿಂಗ್, ಕೋರೆಲ್‌ನಲ್ಲಿ ಡಿಸೈನ್. ಲಗ್ನಪತ್ರಿಕೆ ಸೀಸನ್ ಅಂದರೆ ಏಪ್ರಿಲ್, ಮೇ. ಕಣ್ಣಿಗೆ ಜಾಸ್ತಿ ಕೆಲಸ ಬೀಳುವುದೂ, ನಮ್ಮ ಊರಿನ ಗಾಳಿ ಪೂರ್ತಿ ಒಣಗುವುದೂ ಅದೇ ಎರಡು ತಿಂಗಳಲ್ಲಿ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಯೊಳಗೆ ಮರಳು ಹಾಕಿದ ಹಾಗೆ. ಸಂಜೆಗೆ ಅಕ್ಷರ ಮಂಜು, ಮಿಟುಕಿಸಿದರೆ ಸರಿ, ಮತ್ತೆ ಮಂಜು. ಹಾಗೆ ಮಂಜಾಗಿದ್ದ ಒಂದು ಸಂಜೆ ಮುಹೂರ್ತ 11.05 ಇದ್ದದ್ದು 11.50 ಅಂತ ಅಚ್ಚಾಗಿ ಹೋಯಿತು. 300 ಕಾರ್ಡು ನನ್ನ ಖರ್ಚಿನಲ್ಲೇ ಮತ್ತೆ ಹಾಕಿಸಿಕೊಟ್ಟೆ. ಹತ್ತಿರ ಹತ್ತಿರ 4,500 ರೂಪಾಯಿ. ಆ ಮದುಮಗಳ ತಂದೆ ಅಂಗಡಿಯಲ್ಲಿ ನಿಂತಿದ್ದ ರೀತಿ ಇವತ್ತಿಗೂ ಮರೆತಿಲ್ಲ.

ಮೊದಲು ಕಣ್ಣಿಗೆ ಹಾಕುವ ಹನಿಗಳ ಕಥೆ. ಸಿಎಂಸಿ ಹನಿ (ಕಣ್ಣೀರಿನ ಬದಲು ಹಾಕುವ ಹನಿ) ದಿನಕ್ಕೆ ಹತ್ತು ಸಲ ಹಾಕುತ್ತಿದ್ದೆ, 150 ರೂಪಾಯಿಯ ಬಾಟಲಿ ಹತ್ತೇ ದಿನಕ್ಕೆ ಖಾಲಿ. ಆಮೇಲೆ ಹನಿಯೇ ಉರಿಯತೊಡಗಿತು. ಅದರಲ್ಲಿರುವ ಕೆಡದಂತೆ ಇಡುವ ಔಷಧಿಯನ್ನು ಅಷ್ಟು ಸಲ ಹಾಕಿದರೆ ಕಣ್ಣಿಗೇ ಪೆಟ್ಟು ಅಂತ ಆಮೇಲೆ ತಿಳಿಯಿತು, ಒಂದೊಂದೇ ಸಲಕ್ಕೆ ಮುರಿದು ಹಾಕುವ ಸಣ್ಣ ಪ್ಲಾಸ್ಟಿಕ್ ಟ್ಯೂಬಿನದಕ್ಕೆ ಬದಲಾಯಿಸಿದೆ, ಅದಂತೂ ಇನ್ನೂ ತುಟ್ಟಿ. ಮಧ್ಯದಲ್ಲಿ ಒಂದು ಮೆಡಿಕಲ್‌ನಲ್ಲಿ ಕೆಂಪು ಹೋಗುವ ಹನಿ ಕೊಟ್ಟರು. ಒಂದು ಗಂಟೆ ಬಿಳಿ, ಆಮೇಲೆ ಮೊದಲಿಗಿಂತ ಕೆಂಪು. ಇನ್ನೊಂದು ಕಡೆ ಕೊಟ್ಟದ್ದು ಸ್ಟೀರಾಯ್ಡ್ ಹನಿ. ಎರಡು ವಾರ ಸ್ವರ್ಗ! ಡಾಕ್ಟರು ಬಾಟಲಿ ನೋಡಿ ಚೆನ್ನಾಗಿ ಬೈದರು, ಕಣ್ಣಿನ ಒತ್ತಡ ಏರಿಸುತ್ತದೆ ಅಂತ ಅವತ್ತೇ ಅಳೆದು ನೋಡಿದರು. ದೇವರ ದಯೆ, ಏರಿರಲಿಲ್ಲ. ಚೀಟಿ ಇಲ್ಲದೆ ಅಂಗಡಿಯಿಂದ ಹನಿ ತರಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ.

ಪನ್ನೀರು ಹಾಕಿ ಉರಿಸಿಕೊಂಡದ್ದು, ಚಿಕ್ಕಮ್ಮ ಕಳಿಸಿದ ನಂದಿಬಟ್ಟಲು ಹೂವನ್ನು ನೆನೆಸಿ ಆ ನೀರು ಬಿಟ್ಟುಕೊಂಡದ್ದು, ಹರಳೆಣ್ಣೆ ಸವರಿ ಮಲಗಿ ಬೆಳಿಗ್ಗೆ ಹತ್ತರವರೆಗೂ ಏನೂ ಕಾಣದೆ ಕೂತದ್ದು, ಎಲ್ಲ ಆಯಿತು. ಮೀನೆಣ್ಣೆ ಮಾತ್ರೆಗೆ 2,700 ಕೊಟ್ಟೆ. ಅಮೆರಿಕದಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿ, ಆಲಿವ್ ಎಣ್ಣೆ ಮಾತ್ರೆ ತಿಂದವರಿಗೂ ಮೀನೆಣ್ಣೆ ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ ಅಂತ 2018ರಲ್ಲೇ ಬರೆದಿದ್ದರಂತೆ, ನನಗೆ ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಅದೇ ಆಸೆಗೆ ತಿನ್ನುತ್ತಿದ್ದ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ಮಾತ್ರ ಬಿಟ್ಟಿಲ್ಲ. ಅದು ರೊಟ್ಟಿಗೆ ಬೇಕೇ ಬೇಕು, ಕಣ್ಣಿಗೆ ಆಗದಿದ್ದರೂ ಪರವಾಗಿಲ್ಲ. ಒಟ್ಟು ಎರಡು ವರ್ಷದಲ್ಲಿ 14-15 ಸಾವಿರ ಹೋಗಿರಬಹುದು.

ದಾರಿ ಸಿಕ್ಕದ್ದು ಕಣ್ಣಾಸ್ಪತ್ರೆಯ ಪರೀಕ್ಷೆ ಕೋಣೆಯಲ್ಲಿ. ಕಾಗದದ ಪಟ್ಟಿ ರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಟ್ಟಾಗ 14 ಮಿಲಿಮೀಟರ್ ಒದ್ದೆಯಾಯಿತು. ಅಂದರೆ ನೀರು ಬರುತ್ತಿದೆ. ಆಮೇಲೆ ಕಿತ್ತಳೆ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರೆ ನಾಲ್ಕೇ ಸೆಕೆಂಡಿಗೆ ಕಣ್ಣೀರಿನ ಪದರ ಒಡೆಯಿತು. ಹತ್ತು ಸೆಕೆಂಡಾದರೂ ನಿಲ್ಲಬೇಕು. ಅಲ್ಲಿದ್ದ ಹುಡುಗಿ, "ಅಣ್ಣಾ, ನಿಮ್ಮ ಕಣ್ಣಾಗ ನೀರದರಿ, ಎಣ್ಣಿ ಇಲ್ಲ" ಅಂದಳು. ಅಷ್ಟೇ ಮಾತು. ಕಣ್ಣೀರು ಬೇಗ ಆರದಂತೆ ಎಣ್ಣೆ ಬಿಡುವ ರೆಪ್ಪೆ ಅಂಚಿನ ಗ್ರಂಥಿಗಳು ಕಟ್ಟಿಕೊಂಡಿದ್ದವು, ನಾನು ನೀರಿನ ಮೇಲೆ ನೀರು ಸುರಿಯುತ್ತಿದ್ದೆ.

ಹೊರಗೆ 43 ಡಿಗ್ರಿ ಇರುವಾಗ ಒಳಗಿನ ಎಣ್ಣೆ ತಾನಾಗಿಯೇ ಕರಗಬೇಕಲ್ವಾ ಅಂತ ಗೆಳೆಯ ವಾದ ಮಾಡಿದ. ಕರಗಲ್ಲ. ಮೈ ಬೆವರಿ ತನ್ನನ್ನು ತಾನು ತಂಪು ಮಾಡಿಕೊಳ್ಳುತ್ತದೆ, ರೆಪ್ಪೆ 40ಕ್ಕಿಂತ ಕೆಳಗೇ ಇರುತ್ತದೆ. ಗಟ್ಟಿಯಾದ ಎಣ್ಣೆ ಸಡಿಲ ಆಗಬೇಕಾದರೆ 40ರ ಮೇಲಿನ ಕಾವು ಹತ್ತು ನಿಮಿಷ ಬಿಡದೆ ಇರಬೇಕು. ಬಿಡದೆ ಇರಬೇಕು ಅನ್ನುವುದೇ ಕಷ್ಟದ ಭಾಗ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಒಂದೂವರೆ ನಿಮಿಷಕ್ಕೆ ತಣ್ಣಗೆ. ಬೇಯಿಸಿದ ಮೊಟ್ಟೆ ಬಟ್ಟೆಯಲ್ಲಿ ಸುತ್ತಿ ಇಟ್ಟೆ, ಎಡ ರೆಪ್ಪೆ ಸುಟ್ಟುಕೊಂಡು ನಾಲ್ಕು ದಿನ ಕೆಂಪು. 900 ರೂಪಾಯಿಯ ಕರೆಂಟಿನ ಮಾಸ್ಕ್ ಹಣೆಗೆ ಕಾವು ಕೊಟ್ಟಿತು, ರೆಪ್ಪೆಗೆ ಮುಟ್ಟಲೇ ಇಲ್ಲ.

ಕೊನೆಗೆ ಜೋಳ. ಹಳೇ ಧೋತರದ ಬಟ್ಟೆಯಲ್ಲಿ ಎರಡು ಕಣ್ಣಿಗೂ ಸರಿಯಾಗಿ ಕೂರುವ ಹಾಗೆ ಹೆಂಡತಿ ಹೊಲಿದುಕೊಟ್ಟ ಚೀಲ, ಒಳಗೆ ಬಿಳಿಜೋಳ. ಹಂಚಿನ ಮೇಲೆ ಮಗ್ಗುಲು ಬದಲಿಸುತ್ತಾ ಬಿಸಿ ಮಾಡಿ, ಮೊದಲು ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ, ಹಿತ ಅನಿಸಿದರೆ ಮಾತ್ರ ಕಣ್ಣಿಗೆ. ಎಂಟು-ಹತ್ತು ನಿಮಿಷ ಕಾವು ನಿಲ್ಲುತ್ತದೆ. ಜೋಳದ ಜೊತೆ ಇನ್ನೊಂದು ಕಾಳು ಬೆರೆಸಿದ್ದೇನೆ, ಅದು ಯಾವುದು, ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ತಿಂಗಳುಗಟ್ಟಲೆ ಒದ್ದಾಡಿ ಕಂಡುಕೊಂಡದ್ದು. ಬರೀ ಜೋಳದಿಂದಲೂ ಕೆಲಸ ಆಗುತ್ತದೆ.

ಆಮೇಲೆ ಮೇಲಿನ ರೆಪ್ಪೆ ಕೆಳಕ್ಕೆ, ಕೆಳಗಿನದು ಮೇಲಕ್ಕೆ, ಮೆಲ್ಲಗೆ ಸವರುವುದು. ಮೊದಲನೇ ವಾರ ಕನ್ನಡಿ ಮುಂದೆ ಅಂಚು ಒತ್ತಿದರೆ ಟೂತ್‌ಪೇಸ್ಟ್ ತರ ಬಿಳಿ, ಗಟ್ಟಿ, ಎಳೆ ಎಳೆಯಾಗಿ ಬರುತ್ತಿತ್ತು. ಎರಡನೇ ವಾರವೂ ಹಾಗೇ. ಬಿಟ್ಟುಬಿಡೋಣ ಅನಿಸಿತ್ತು. ನಾಲ್ಕನೇ ವಾರ ಒಂದು ಬೆಳಿಗ್ಗೆ, ಸಾಸಿವೆಗಿಂತ ಸಣ್ಣ ಹನಿ, ತಿಳಿಯಾಗಿ, ಕುಸುಬಿ ಎಣ್ಣೆಯ ಹಾಗೆ ಹೊಳೆಯಿತು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ.

ಕೂಲರ್ ವಿಷಯ ಹೇಳಲೇಬೇಕು. 400 ರೂಪಾಯಿಗೆ ತೇವಾಂಶ ಅಳೆಯುವ ಸಣ್ಣ ಯಂತ್ರ ತಂದೆ. ಮಧ್ಯಾಹ್ನ ಮೂರಕ್ಕೆ ಅಂಗಡಿಯೊಳಗೆ ಶೇಕಡಾ 17-18, ಕೂಲರ್ ಹಾಕಿದರೆ 50 ದಾಟುತ್ತದೆ. ಹಾಗಾದರೆ ಕಣ್ಣಿಗೆ ಒಳ್ಳೆಯದಾಗಬೇಕಿತ್ತು, ಆದರೆ ಇನ್ನೂ ಕೆಟ್ಟಿತು. ಯಾಕೆಂದರೆ ಗಾಳಿ ನೇರ ಮುಖಕ್ಕೆ. ಕೂಲರನ್ನು ಗೋಡೆ ಕಡೆ ತಿರುಗಿಸಿದೆ, ಗಾಳಿ ಗೋಡೆಗೆ ಬಡಿದು ಸುತ್ತಿ ಬರಲಿ ಅಂತ. ಎರಡೇ ದಿನಕ್ಕೆ ವ್ಯತ್ಯಾಸ. ಒಂದು ಪೈಸೆ ಖರ್ಚಿಲ್ಲ. ಕಳೆದ ಮೇನಲ್ಲಿ ಮದುವೆಗೆ ಮಂಗಳೂರಿಗೆ ಹೋಗಿದ್ದೆ, ನಾಲ್ಕು ದಿನ ಹನಿ ಬಾಟಲಿ ಮುಟ್ಟಲಿಲ್ಲ. ಅಲ್ಲಿಯ ಬೆವರು ಬೇಡ, ಅಲ್ಲಿಯ ಗಾಳಿ ಬೇಕು.

ಮಾನಿಟರ್ ಸ್ಟ್ಯಾಂಡ್ ತೆಗೆದು ಕೆಳಕ್ಕೆ ಇಳಿಸಿದೆ. ಕೆಳಗೆ ನೋಡಿದರೆ ಕಣ್ಣು ಕಡಿಮೆ ತೆರೆದಿರುತ್ತದೆ, ಅಷ್ಟು ಒಣಗುವುದು ಕಡಿಮೆ. ಕುತ್ತಿಗೆ ಒಂದು ವಾರ ಹಿಡಿಯಿತು, ಕುರ್ಚಿ ಎತ್ತರಿಸಿದ ಮೇಲೆ ಸರಿಹೋಯಿತು. ಮಿಟುಕಿಸುವುದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ಎಣಿಸಿದೆ, ನಿಮಿಷಕ್ಕೆ ನಾಲ್ಕೈದು, ಅದೂ ಅರ್ಧರ್ಧ. ಅಲಾರಂ ಇಟ್ಟರೆ ಆಫ್ ಮಾಡಿ ಮರೆಯುತ್ತಿದ್ದೆ. ಈಗ ಫೈಲ್ ಸೇವ್ ಮಾಡಲು ಕಂಟ್ರೋಲ್ ಎಸ್ ಒತ್ತಿದಾಗೆಲ್ಲ ಎರಡು ಸಲ ಪೂರ್ತಿ ಮುಚ್ಚಿ ತೆರೆಯುತ್ತೇನೆ. ಡಿಟಿಪಿಯವರಿಗೆ ಇದಕ್ಕಿಂತ ಒಳ್ಳೆ ಗಡಿಯಾರ ಇಲ್ಲ.

ಈ ಬೇಸಿಗೆಯಲ್ಲಿ ಅದೇ ಪರೀಕ್ಷೆ ಮಾಡಿದಾಗ ಕಣ್ಣೀರಿನ ಪದರ ನಿಂತದ್ದು ಒಂಬತ್ತು ಸೆಕೆಂಡ್. ಡಾಕ್ಟರೇ ಮತ್ತೊಮ್ಮೆ ಎಣಿಸಿದರು. ಏಪ್ರಿಲ್, ಮೇ ಸೇರಿ ಹನಿಯ ಖರ್ಚು 300 ದಾಟಿಲ್ಲ. ನಿಮಗೆ ಬಾಯಿಯೂ ಒಣಗುತ್ತಿದ್ದರೆ, ಕೀಲು ನೋವಿದ್ದರೆ, ಅಥವಾ ಬೆಳಕು ನೋಡಲು ಆಗದಷ್ಟು ನೋವಿದ್ದರೆ ನನ್ನ ಚೀಲ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ, ಅದು ಬೇರೆ ಕಾಯಿಲೆ ಇರಬಹುದು.

ಚೀಲದ ಜೋಳ ಎರಡು-ಮೂರು ತಿಂಗಳಿಗೆ ಬದಲಾಯಿಸಬೇಕು. ಹುರಿದ ವಾಸನೆ ಬರಲು ಶುರುವಾದರೆ ಕಾವು ನಿಲ್ಲುವುದಿಲ್ಲ, ಬಟ್ಟೆಯನ್ನೂ ಒಗೆದು ಬಿಸಿಲಿಗೆ ಹಾಕಿ ಹೊಸ ಜೋಳ ತುಂಬಿ.