ಟರ್ಬೊ ರೋಟರಿಯನ್ನು ಡೈನೋ ಮೇಲೆ ಟ್ಯೂನ್ ಮಾಡಿದ್ದು: ನನ್ನ ಅನುಭವ

ನನ್ನದು ಮಾಜ್ದಾ ಆರ್‌ಎಕ್ಸ್-7, ಎಫ್‌ಡಿ3ಎಸ್ ಮಾದರಿಯ ಕಾರು. ಬಾನೆಟ್ ಕೆಳಗಿರುವುದು 13ಬಿ-ಆರ್‌ಇಡಬ್ಲ್ಯೂ ರೋಟರಿ ಇಂಜಿನ್, ಅಂದರೆ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವಂಥದ್ದು: ತಲಾ 654 ಸಿಸಿಯ ಎರಡು ರೋಟರ್, ಸರದಿಯಂತೆ ಕೆಲಸಕ್ಕೆ ಇಳಿಯುವ ಎರಡು ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ). 1991ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಾಗ ಈ ಇಂಜಿನ್ 255 ಪಿಎಸ್ (ಕುದುರೆಶಕ್ತಿಯ ಅಳತೆ) ಕೊಡುತ್ತಿತ್ತು, 1999ರ ಹೊತ್ತಿಗೆ 280ಕ್ಕೆ ಏರಿತ್ತು. ನಾನು ಎಕ್ಸಾಸ್ಟ್, ಏರ್ ಫಿಲ್ಟರ್, ಟರ್ಬೊ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಬದಲಿಸಿದ ಮೇಲೆ ಒಳಗೆ ಹೋಗುವ ಗಾಳಿಯ ಲೆಕ್ಕವೇ ಬದಲಾಯಿತು. ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ಹೇಳುವ ಕಾರ್ಖಾನೆಯ ಮ್ಯಾಪ್ ಇಟ್ಟುಕೊಂಡು ಜೋರಾಗಿ ಓಡಿಸುವ ಹಾಗಿರಲಿಲ್ಲ. ಮ್ಯಾಪ್ ತಿದ್ದಬಹುದಾದ ಅಪೆಕ್ಸಿ ಪವರ್ ಎಫ್‌ಸಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹಾಕಿಸಿ, ಕಾರನ್ನು ಡೈನೋಗೆ, ಅಂದರೆ ರೋಲರ್ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರಕ್ಕೆ ಒಯ್ದೆ.

ಡೈನೋ ಎಂದರೆ ಎಷ್ಟು ಕುದುರೆಶಕ್ತಿ ಬಂತು ಎಂದು ಕೇಳುವವರೇ ಹೆಚ್ಚು. ಟರ್ಬೊ ರೋಟರಿಗೆ ಡೈನೋ ಬೇಕಾಗುವುದು ಎಲ್ಲಿ ನಿಲ್ಲಬೇಕು ಎಂದು ಕಂಡುಕೊಳ್ಳಲು. ಇದನ್ನು ಅರ್ಥ ಮಾಡಿಕೊಳ್ಳಲು ಇಂಜಿನ್ನಿನ ಒಳಗನ್ನು ಸ್ವಲ್ಪ ನೋಡಬೇಕು. ರೋಟರ್‌ನ ಮೂರು ಮೂಲೆಗಳಲ್ಲಿ ಕೂತು ಅನಿಲ ಸೋರದಂತೆ ತಡೆಯುವ ಏಪೆಕ್ಸ್ ಸೀಲ್‌ನ ದಪ್ಪ ಬರೀ 2 ಮಿಲಿಮೀಟರ್. ಪೆಟ್ರೋಲ್ ಕಡಿಮೆಯಾಗಿಯೋ ಕಿಡಿ ಬೇಗ ಹಾರಿಯೋ ಡಿಟೊನೇಷನ್ (ನಾಕಿಂಗ್, ಅಂದರೆ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು) ಆದರೆ ಮೊದಲು ಮುರಿಯುವುದು ಅದೇ. ಮುರಿದ ಚೂರು, ರೋಟರ್ ತಿರುಗುವ ಹೌಸಿಂಗ್‌ನ ಒಳಮೈಯನ್ನು ಕೆರೆದು, ಎಕ್ಸಾಸ್ಟ್ ದಾರಿಯಲ್ಲಿ ಟರ್ಬೊವನ್ನೂ ಹಾಳು ಮಾಡಿಕೊಂಡು ಹೊರಗೆ ಹೋಗುತ್ತದೆ. ಪಿಸ್ಟನ್ ಇಂಜಿನ್ ಸಣ್ಣಪುಟ್ಟ ನಾಕಿಂಗ್ ಅನ್ನು ಎಷ್ಟೋ ಸಲ ಸಹಿಸಿಕೊಳ್ಳುತ್ತದೆ. ಬೂಸ್ಟ್‌ನಲ್ಲಿರುವ, ಅಂದರೆ ಟರ್ಬೊ ಗಾಳಿ ಒತ್ತುತ್ತಿರುವ ರೋಟರಿಗೆ ಒಂದೆರಡು ಜೋರಾದ ಏಟು ಸಾಕು.

ಇನ್ನೊಂದು ವಿಷಯವೂ ಇದೆ. ಪಿಸ್ಟನ್ ಇಂಜಿನ್ನಿನಲ್ಲಿ ಒಂದು ಸ್ಟ್ರೋಕ್‌ಗೆ ಶಾಫ್ಟ್ 180 ಡಿಗ್ರಿ ತಿರುಗಿದರೆ, ರೋಟರಿಯಲ್ಲಿ 270 ಡಿಗ್ರಿ ತಿರುಗುತ್ತದೆ. ಉರಿಯುವ ಜಾಗ ಉದ್ದ, ತೆಳು, ಸಾಲದ್ದಕ್ಕೆ ಅದು ಚಲಿಸುತ್ತಲೇ ಇರುತ್ತದೆ. ಹೀಗಾಗಿ ಒಂದು ಮಟ್ಟದ ಮೇಲೆ ಟೈಮಿಂಗ್ ಅನ್ನು (ಕಿಡಿ ಹಾರುವ ಗಳಿಗೆಯನ್ನು) ಒಂದೆರಡು ಡಿಗ್ರಿ ಮುಂದೆ ತಂದರೂ ಟಾರ್ಕ್ (ತಿರುಗಿಸುವ ಬಲ) ಅಷ್ಟಾಗಿ ಏರುವುದಿಲ್ಲ, ಅಪಾಯ ಮಾತ್ರ ಏರುತ್ತದೆ. ಇಡೀ ಟ್ಯೂನಿಂಗ್‌ನಲ್ಲಿ ನಾನು ಬಿಡದೆ ಹಿಡಿದುಕೊಂಡ ಮಾತು ಇದು.

ಕಾರನ್ನು ರೋಲರ್ ಮೇಲೆ ಹತ್ತಿಸುವ ಮೊದಲು ಕಂಪ್ರೆಷನ್, ಅಂದರೆ ಇಂಜಿನ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂಬುದನ್ನು ಅಳೆಸಿದೆ. ಸಾಮಾನ್ಯ ಗೇಜ್ ಇಲ್ಲಿ ಸಾಲದು, ಅದು ರೋಟರ್‌ನ ಮೂರು ಮುಖಗಳಲ್ಲಿ ಹೆಚ್ಚಿನದನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಪ್ರತಿ ಮುಖವನ್ನೂ ಬೇರೆಯಾಗಿ ತೋರಿಸುವ, ಓದಿದ್ದನ್ನು 250 ಆರ್‌ಪಿಎಂ ಕ್ರ್ಯಾಂಕಿಂಗ್ ವೇಗಕ್ಕೆ ಹೊಂದಿಸಿ ಕೊಡುವ ರೋಟರಿ ಟೆಸ್ಟರ್ ಬೇಕು. ಹೊಸ ಇಂಜಿನ್ ಚದರ ಸೆಂಟಿಮೀಟರಿಗೆ 8.5 ಕೆಜಿ ತೋರಿಸಬೇಕು, 6ರ ಕೆಳಗೆ ಇಳಿದರೆ ಬಿಚ್ಚುವ ಕಾಲ ಬಂತೆಂದು ಅರ್ಥ. ನನ್ನದು ಆರೂ ಮುಖಗಳಲ್ಲಿ 7.5ರ ಆಸುಪಾಸು, ಒಂದಕ್ಕೊಂದು ಹತ್ತಿರ ಹತ್ತಿರ. ಮುಖಗಳ ನಡುವೆ ದೊಡ್ಡ ವ್ಯತ್ಯಾಸವಿದ್ದಿದ್ದರೆ ಡೈನೋ ಮಾತೇ ಎತ್ತುತ್ತಿರಲಿಲ್ಲ. ಜೊತೆಗೆ ಹೊಸ ಪೆಟ್ರೋಲ್ ಪಂಪು, ಹೊಸ ಫಿಲ್ಟರ್, ಪ್ರತಿ ರೋಟರ್‌ಗಿರುವ ಎರಡು ಪ್ಲಗ್‌ಗಳಲ್ಲಿ ಮೊದಲು ಕಿಡಿ ಹಾರಿಸುವ ಲೀಡಿಂಗ್, ಆಮೇಲೆ ಹಾರಿಸುವ ಟ್ರೇಲಿಂಗ್ ಎರಡೂ ಕಡೆ 9ರ ಹೀಟ್ ರೇಂಜಿನ (ಬಿಸಿಯನ್ನು ಬೇಗ ಬಿಟ್ಟುಕೊಡುವ) ತಣ್ಣನೆಯ ಪ್ಲಗ್. ಕಾರ್ಖಾನೆಯಿಂದ ಲೀಡಿಂಗ್‌ಗೆ 7, ಟ್ರೇಲಿಂಗ್‌ಗೆ 9 ಬರುತ್ತದೆ. ಬೂಸ್ಟ್ ಹೆಚ್ಚಿಸುವವರು ಎಲ್ಲ ನಾಲ್ಕನ್ನೂ 9 ಮಾಡಿಕೊಳ್ಳುವುದು ವಾಡಿಕೆ. ವ್ಯಾಕ್ಯೂಮ್ ಹೋಸ್‌ಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಎರಡು ಟರ್ಬೊಗಳ ಸರದಿಯನ್ನು ನಡೆಸುವುದು ಆ ಹೋಸ್‌ಗಳೇ. ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟ ಒಂದೇ ಒಂದು ಹೋಸ್ ಇದ್ದರೂ ಎರಡನೇ ಟರ್ಬೊ ಸರಿಯಾಗಿ ಬರುವುದಿಲ್ಲ.

ಡೈನೋಗಳಲ್ಲಿ ಎರಡು ಬಗೆ. ಒಂದರಲ್ಲಿ ಭಾರವಾದ ರೋಲರ್ ಎಷ್ಟು ಬೇಗ ವೇಗ ಹಿಡಿಯಿತು ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಇನ್ನೊಂದರಲ್ಲಿ ರೋಲರ್‌ಗೆ ಬ್ರೇಕ್ ಹಾಕಿ, ಇಂಜಿನ್ನನ್ನು ಬೇಕಾದ ಆರ್‌ಪಿಎಂನಲ್ಲಿ, ಬೇಕಾದ ಲೋಡ್‌ನಲ್ಲಿ ಹಿಡಿದು ನಿಲ್ಲಿಸಬಹುದು. ಮ್ಯಾಪ್ ಬರೆಯಲು ಎರಡನೆಯದೇ ಬೇಕು. ಮೊದಲನೆಯದರಲ್ಲಿ ಇಂಜಿನ್ ಮ್ಯಾಪ್‌ನ ಒಂದೊಂದು ಸೆಲ್ (ಚೌಕ) ಮೇಲೂ ಕ್ಷಣಮಾತ್ರ ಹಾದುಹೋಗುತ್ತದೆ, ತಿದ್ದಲು ಬಿಡುವೇ ಸಿಗುವುದಿಲ್ಲ. ನಾಲ್ಕನೇ ಗೇರ್‌ನಲ್ಲೇ ರನ್ ಮಾಡಿದೆವು, ಈ ಗೇರ್‌ಬಾಕ್ಸ್‌ನಲ್ಲಿ ಅದರ ಅನುಪಾತ ಸರಿಯಾಗಿ 1. ಕಾರು ಕಟ್ಟಿದ ಬೆಲ್ಟಿನ ಬಿಗಿತ, ಟೈರ್ ಗಾಳಿ ಬದಲಾದರೂ ಸಂಖ್ಯೆ ಬದಲಾಗುತ್ತದೆ, ಆದ್ದರಿಂದ ಕೊನೆಯವರೆಗೂ ಎರಡನ್ನೂ ಒಂದೇ ರೀತಿ ಇಟ್ಟೆವು. ಪ್ರತಿ ರನ್ ಶುರುವಾಗುವ ಮೊದಲು ಕೂಲೆಂಟ್ ಬಿಸಿ ಮತ್ತು ಇನ್‌ಟೇಕ್ ಗಾಳಿಯ ಬಿಸಿ ಹಿಂದಿನ ರನ್ನಿನ ಮಟ್ಟಕ್ಕೇ ಬರಬೇಕು. ಅಲ್ಲಿಯವರೆಗೆ ಫ್ಯಾನ್ ಮುಂದೆ ಸುಮ್ಮನೆ ಕಾಯುವುದು. ಕಾಯದೆ ಮಾಡಿದ ಎರಡು ರನ್‌ಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಹವಾಮಾನದ ಕರೆಕ್ಷನ್ ಬಗ್ಗೆ ಒಂದು ಮಾತು. ಅಳೆದ ಶಕ್ತಿಯನ್ನು ಒಂದು ನಿಗದಿತ ಹವಾಮಾನಕ್ಕೆ ಹೊಂದಿಸುವ ಎಸ್‌ಎಇ ಜೆ1349 ಮಾನದಂಡದ ಲೆಕ್ಕ ಟರ್ಬೊ ಇಲ್ಲದ ಇಂಜಿನ್ನಿಗೆ ಚೆನ್ನಾಗಿ ಹೊಂದುತ್ತದೆ. ವೇಸ್ಟ್‌ಗೇಟ್‌ನಿಂದ (ಹೆಚ್ಚಾದ ಎಕ್ಸಾಸ್ಟ್ ಅನ್ನು ಟರ್ಬೊ ಮುಟ್ಟದಂತೆ ಹೊರಬಿಡುವ ಬಾಗಿಲು) ಬೂಸ್ಟ್ ಹಿಡಿದಿಟ್ಟುಕೊಳ್ಳುವ ಟರ್ಬೊ ಕಾರಿಗೆ, ಅದರಲ್ಲೂ ಎತ್ತರದ ಜಾಗದಲ್ಲಿ, ಅದೇ ಲೆಕ್ಕ ಹಾಕಿದರೆ ಸಂಖ್ಯೆ ಉಬ್ಬುತ್ತದೆ. ನಾನು ಕರೆಕ್ಷನ್ ಇಲ್ಲದ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಸಿಕೊಂಡೆ.

ಮೊದಲ ಕೆಲಸ ಪೆಟ್ರೋಲಿನದು. ಪವರ್ ಎಫ್‌ಸಿ ಮ್ಯಾಪ್ 20 ಅಡ್ಡ, 20 ಉದ್ದ: ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಮ್ಯಾನಿಫೋಲ್ಡ್ ಒತ್ತಡ. ಬೂಸ್ಟ್ ಬಾರದ ಸೆಲ್‌ಗಳನ್ನು ಡೈನೋ ಹಿಡಿದು ನಿಲ್ಲಿಸಿದಾಗ ಒಂದೊಂದಾಗಿ ತಿದ್ದಿದೆವು. ಬೂಸ್ಟ್ ಏರುತ್ತಿದ್ದಂತೆ ಗಾಳಿ-ಪೆಟ್ರೋಲ್ ಅನುಪಾತವನ್ನು 11ರ ಹತ್ತಿರಕ್ಕೆ ಇಳಿಸಿದೆ. ಪಿಸ್ಟನ್ ಟರ್ಬೊ ಕಾರಿನವರಿಗೆ ಇದು ಅತಿ ರಿಚ್ (ಪೆಟ್ರೋಲ್ ಹೆಚ್ಚು) ಅನಿಸಬಹುದು. ಇಲ್ಲಿ ಹೆಚ್ಚಿನ ಪೆಟ್ರೋಲ್ ಉರಿಯುವ ಜಾಗವನ್ನು ತಂಪಾಗಿಡುವ ಕೆಲಸವನ್ನೂ ಮಾಡುತ್ತದೆ. ಎಕ್ಸಾಸ್ಟ್‌ನಲ್ಲಿ ಈ ಅನುಪಾತ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಓದುವಾಗ ಒಂದು ಎಚ್ಚರ: ಕಿಡಿ ತಪ್ಪಿ ಮಿಸ್‌ಫೈರ್ ಆದರೆ ಉರಿಯದ ಆಮ್ಲಜನಕ ಎಕ್ಸಾಸ್ಟ್‌ಗೆ ಹೋಗಿ ಮೀಟರ್ ಲೀನ್ (ಪೆಟ್ರೋಲ್ ಕಡಿಮೆ) ತೋರಿಸುತ್ತದೆ. ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿದರೆ ಮಿಸ್‌ಫೈರ್ ಮತ್ತೂ ಹೆಚ್ಚುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು 4500 ಆರ್‌ಪಿಎಂ ಸುತ್ತಲಿನ ಜಾಗ. ಎರಡನೇ ಟರ್ಬೊ ಬಂದು ಸೇರುವುದು ಅಲ್ಲೇ. ಗೇಜ್‌ನಲ್ಲಿ ಬೂಸ್ಟ್ 0.7 ಬಾರ್‌ನಿಂದ 0.55ಕ್ಕೆ ಒಮ್ಮೆ ಕುಸಿದು, ತಕ್ಷಣ ಮತ್ತೆ 0.7ಕ್ಕೆ ಜಿಗಿಯುತ್ತದೆ. ಲಾಗ್ ಹಿಗ್ಗಿಸಿ ನೋಡಿದಾಗ ಕುಸಿತದಲ್ಲಿ ಅನುಪಾತ 10.4ಕ್ಕೆ ಇಳಿದು, ಜಿಗಿತದ ನೆತ್ತಿಯಲ್ಲಿ 11.8 ಮುಟ್ಟುತ್ತಿತ್ತು. ಗ್ರಾಫ್‌ನಲ್ಲಿ ಅದೊಂದು ಸಣ್ಣ ಹಲ್ಲು. ನನ್ನ ಕಣ್ಣಿಗೆ ಇಡೀ ಗ್ರಾಫ್‌ನಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೆ ಇರಲಿಲ್ಲ, ಏಕೆಂದರೆ ರಸ್ತೆಯಲ್ಲಿ ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ಇಂಜಿನ್ ಅದೇ ಜಾಗವನ್ನು ದಾಟಬೇಕು. 4400ರಿಂದ 5200ರವರೆಗಿನ, ಬೂಸ್ಟ್ ಹೆಚ್ಚಿರುವ ಸೆಲ್‌ಗಳಿಗಷ್ಟೇ ಪೆಟ್ರೋಲ್ ಸೇರಿಸಿ, ಅಲ್ಲಿ ಟೈಮಿಂಗ್ ಒಂದು ಡಿಗ್ರಿ ಹಿಂದಕ್ಕೆ ತಂದ ಮೇಲೆ ನೆತ್ತಿ 11.2ಕ್ಕೆ ಬಂದು ನಿಂತಿತು.

ಆಮೇಲೆ ಬೂಸ್ಟ್. 0.7ಕ್ಕೆ ಇಟ್ಟಿದ್ದರೂ 6500 ದಾಟಿದ ಮೇಲೆ ಅದು ತಾನಾಗಿ 0.9ರ ಕಡೆಗೆ ತೆವಳುತ್ತಿತ್ತು. ಎಕ್ಸಾಸ್ಟ್ ದಾರಿ ಸಲೀಸಾದಷ್ಟೂ ಟರ್ಬೈನ್ ಕಡೆ ಹರಿವು ಹೆಚ್ಚುತ್ತದೆ, ವೇಸ್ಟ್‌ಗೇಟ್‌ನ ಸಣ್ಣ ದಾರಿ ಅಷ್ಟನ್ನೂ ಹೊರಗೆ ಬಿಡಲಾರದು. ಇದಕ್ಕೆ ಇಸಿಯುನಲ್ಲಿ ಮದ್ದಿಲ್ಲ. ಆ ದಿನದ ರನ್‌ಗಳನ್ನು ಅಲ್ಲಿಗೇ ನಿಲ್ಲಿಸಿ, ಟರ್ಬೊ ಇಳಿಸಿ, ವೇಸ್ಟ್‌ಗೇಟ್ ದಾರಿಯನ್ನು ಅಗಲ ಮಾಡಿಸಿಯೇ ಮತ್ತೆ ಬಂದದ್ದು. ಆಗ ಗೆರೆ 7500ರವರೆಗೂ ನೇರವಾಗಿ ಉಳಿಯಿತು.

ಟೈಮಿಂಗ್‌ಗೆ ಕೈ ಹಾಕಿದ್ದು ಇವೆಲ್ಲ ಮುಗಿದ ಮೇಲೆ. ಇಸಿಯುನ ನಾಕ್ ಸೆನ್ಸರ್ ಸಂಖ್ಯೆ ಒಂದೇ ಸಾಲದು, ಇಂಜಿನ್ನಿನ ಬೇರೆ ಸದ್ದುಗಳನ್ನೂ ಅದು ಎಣಿಸುತ್ತದೆ. ರೋಟರ್ ಹೌಸಿಂಗ್ ಹತ್ತಿರದ ಬೋಲ್ಟ್‌ಗೆ ತಾಮ್ರದ ಕೊಳವೆ ಬಿಗಿದು, ಅದರಿಂದ ರಬ್ಬರ್ ಹೋಸ್ ಎಳೆದು, ಕಿವಿ ಮುಚ್ಚುವ ಮಫ್‌ಗೆ ಸೇರಿಸಿ ಕೇಳುತ್ತಿದ್ದೆ. ಡಿಟೊನೇಷನ್ ಆದರೆ ತಗಡಿನ ಮೇಲೆ ಸಣ್ಣ ಕಲ್ಲು ಬಿದ್ದಂತೆ ಕಟ್ ಎನ್ನುವ ಸದ್ದು, ಉಳಿದ ಗದ್ದಲದಿಂದ ಬೇರೆಯಾಗಿಯೇ ಕೇಳಿಸುತ್ತದೆ. 5500 ಆರ್‌ಪಿಎಂ, 0.7 ಬಾರ್‌ನಲ್ಲಿ ಲೀಡಿಂಗ್ ಟೈಮಿಂಗ್ ಅನ್ನು 11 ಡಿಗ್ರಿಯಿಂದ ಶುರು ಮಾಡಿದೆವು. 12ಕ್ಕೆ ಟಾರ್ಕ್ ಚೆನ್ನಾಗಿ ಏರಿತು, 13ಕ್ಕೆ ಸ್ವಲ್ಪ, 14ಕ್ಕೆ ಗ್ರಾಫ್‌ನ ಗೆರೆಗಳು ಒಂದರ ಮೇಲೊಂದು ಕೂತವು. ಕಿವಿಯಲ್ಲಿ ಯಾವ ಸದ್ದೂ ಇರಲಿಲ್ಲ.

"ಸರ್, ಇನ್ನೊಂದು ಡಿಗ್ರಿ ನೋಡೋಣವಾ? ನಾಕ್ ಏನೂ ಇಲ್ಲ," ಎಂದರು ಡೈನೋ ನಡೆಸುತ್ತಿದ್ದವರು.

"ಬೇಡ, 12ಕ್ಕೇ ಇಳಿಸಿಬಿಡಿ," ಎಂದೆ.

13ರಿಂದ ಸಿಗುವ ಆ ಚೂರು ಟಾರ್ಕ್ ರಸ್ತೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬಿಸಿಲಿನಲ್ಲಿ ಇಂಟರ್‌ಕೂಲರ್ ಕಾದಿದ್ದಾಗ, ಪೆಟ್ರೋಲ್ ಅಷ್ಟು ಚೆನ್ನಾಗಿಲ್ಲದಾಗ ಕೈಹಿಡಿಯುವುದು ಬಿಟ್ಟುಕೊಟ್ಟ ಆ ಡಿಗ್ರಿಯೇ. ಲೀಡಿಂಗ್ ಮತ್ತು ಟ್ರೇಲಿಂಗ್ ಕಿಡಿಗಳ ನಡುವಿನ ಅಂತರವನ್ನೂ ಕಡಿಮೆ ಮಾಡಲು ಹೋಗಲಿಲ್ಲ, ಬೂಸ್ಟ್ ಇರುವ ಸೆಲ್‌ಗಳಲ್ಲೆಲ್ಲ 12 ಡಿಗ್ರಿ ಇಟ್ಟೆ.

ಕೊನೆಗೆ ಬೂಸ್ಟನ್ನು 0.85 ಬಾರ್‌ಗೆ ಏರಿಸಿ, ಅಲ್ಲಿ ಟೈಮಿಂಗ್ ಮತ್ತೊಂದು ಡಿಗ್ರಿ ತಗ್ಗಿಸಿ ಪೂರ್ತಿ ರನ್ ಮಾಡಿದೆವು. ಚಕ್ರದ ಬಳಿ ಕರೆಕ್ಷನ್ ಇಲ್ಲದೆ 288 ಕುದುರೆಶಕ್ತಿ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳು 550 ಸಿಸಿಯ ಎರಡು, 850 ಸಿಸಿಯ ಎರಡು, ಒಟ್ಟು ನಿಮಿಷಕ್ಕೆ 2800 ಸಿಸಿ. ಡ್ಯೂಟಿ (ಇಂಜೆಕ್ಟರ್ ತೆರೆದಿರುವ ಹೊತ್ತಿನ ಪಾಲು) 82 ಪ್ರತಿಶತ ತಲುಪಿತ್ತು. ನಾನು ಇಟ್ಟುಕೊಂಡ ಗಡಿ 85. ಬೂಸ್ಟ್ ಇನ್ನೂ ಬೇಕೆಂದರೆ ಮೊದಲು ದೊಡ್ಡ ಇಂಜೆಕ್ಟರ್ ಬರಬೇಕು, ಆದ್ದರಿಂದ ಅಲ್ಲಿಗೆ ನಿಲ್ಲಿಸಿದೆ. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕೆಗಳಾಗಲಿ, ಕಪ್ಪು ಮೆಣಸಿನ ಪುಡಿಯಂಥ ಕಲೆಗಳಾಗಲಿ, ಅಂದರೆ ಡಿಟೊನೇಷನ್‌ನ ಗುರುತುಗಳು ಇರಲಿಲ್ಲ.

ಡೈನೋ ಬಿಟ್ಟ ಮೇಲೂ ಲಾಗರ್ ತೆಗೆಯಲಿಲ್ಲ. ರಸ್ತೆಯಲ್ಲಿ ಗಾಳಿಯ ಹರಿವು ಫ್ಯಾನ್‌ಗಿಂತ ಹೆಚ್ಚು, ಲೋಡ್ ಇರುವ ಅವಧಿಯೂ ಬೇರೆ. ದಟ್ಟಣೆಯಲ್ಲಿ ನಿಂತು ಹೊರಟ ಕೂಡಲೇ ಇನ್‌ಟೇಕ್ ಗಾಳಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದುದು ಲಾಗ್‌ನಲ್ಲಿ ಕಂಡಿತು. 50ರ ಮೇಲೆ ಟೈಮಿಂಗ್ ತಾನಾಗಿ ತಗ್ಗುವ ಹಾಗೆ ಬಿಸಿಯ ಕರೆಕ್ಷನ್ ಟೇಬಲ್ ತಿದ್ದಿದೆ. ಪ್ರತಿ ಸಲ ಟ್ಯಾಂಕ್ ತುಂಬಿಸುವಾಗ ಸೀಲ್‌ಗಳಿಗೆ ಎಣ್ಣೆಯ ಪಸೆ ಸಿಗಲೆಂದು ಲೀಟರಿಗೆ 8 ಮಿಲಿಯಂತೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. ಕಂಪ್ರೆಷನ್ ಮತ್ತೆ ಅಳೆಸಿದಾಗ ಆರೂ ಮುಖಗಳು ಮೊದಲಿನ ಸಂಖ್ಯೆಗಳನ್ನೇ ತೋರಿಸಿದವು.