‘ಹೊಸದಾಗಿ’ ಹುಟ್ಟುವುದಾ, ‘ಮೇಲಿಂದ’ ಹುಟ್ಟುವುದಾ: ನನ್ನ ಅನುಭವ

ನಮ್ಮ ಸಭೆಯಲ್ಲಿ ಬುಧವಾರ ಸಂಜೆಯ ಬೈಬಲ್ ಅಧ್ಯಯನ ನಡೆಸುವವನು ನಾನು. ಯೋಹಾನನ ಸುವಾರ್ತೆ 3ನೇ ಅಧ್ಯಾಯ ಓದುತ್ತಿದ್ದೆವು. ಹೊಸದಾಗಿ ಹುಟ್ಟಬೇಕು ಎಂದು ಯೇಸು ನಿಕೊದೇಮ ಎಂಬ ಯೆಹೂದಿ ಬೋಧಕನಿಗೆ ಹೇಳುವ ಭಾಗ. ಅವತ್ತೇ ಮೊದಲು ಬಂದಿದ್ದ ಹುಡುಗನೊಬ್ಬ, ‘ಅಂಕಲ್, ಇದು ಪುನರ್ಜನ್ಮದ ಮಾತಾ?’ ಎಂದು ಕೇಳಿದ. ಅಲ್ಲಪ್ಪ ಎಂದೆ. ಯಾಕಲ್ಲ ಎಂದು ವಚನ ತೋರಿಸಿ ಹೇಳಲು ಆಗಲಿಲ್ಲ. ಮನಪರಿವರ್ತನೆಗೆ ಒತ್ತು ಕೊಡುವ ನಮ್ಮಂಥ ಇವ್ಯಾಂಜೆಲಿಕಲ್ ಸಭೆಗಳಿಗೆ ಈ ಮಾತೇ ಉಸಿರು, ಅಲ್ವಾ? ಅದನ್ನೇ ಸರಿಯಾಗಿ ಓದಿಲ್ಲವಲ್ಲ ಎಂದು ತುಂಬಾ ನೋವಾಯಿತು.

ಈ ಸಲ ವ್ಯಾಖ್ಯಾನದ ಪುಸ್ತಕಗಳನ್ನು ಮೊದಲು ಮುಟ್ಟಲಿಲ್ಲ. ಯೋಹಾನನ ಸುವಾರ್ತೆಯನ್ನು ಮೊದಲಿಂದ ಕೊನೆತನಕ ಓದಿದೆ. ಆಮೇಲೆ ‘ಹೊಸದಾಗಿ’ ಎಂಬಲ್ಲಿ ಮೂಲದಲ್ಲಿರುವ ಗ್ರೀಕ್ ಪದ ಹುಡುಕಿದೆ. ನನಗೆ ಗ್ರೀಕ್ ಅಕ್ಷರ ಓದಲು ಬರುತ್ತದೆ, ಸ್ವಲ್ಪ ವ್ಯಾಕರಣ ಗೊತ್ತು, ಅಷ್ಟೇ. ಆದರೆ ಯಾವ ಪದ ಎಲ್ಲೆಲ್ಲಿ ಬರುತ್ತದೆ ಎಂದು ತೋರಿಸುವ ಪದಸೂಚಿ ಇದ್ದರೆ ಈ ಕೆಲಸಕ್ಕೆ ಅಷ್ಟು ಸಾಕು.

ಪದ ‘ಆನೋಥೆನ್’. ಹೊಸ ಒಡಂಬಡಿಕೆಯಲ್ಲಿ 13 ಸಲ ಬರುತ್ತದೆ. ಹದಿಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಯೋಹಾನನ ಸುವಾರ್ತೆಯಲ್ಲೇ ಐದು, ಅದರಲ್ಲಿ ಎರಡು ನಿಕೊದೇಮನ ಮಾತುಕತೆಯಲ್ಲಿವೆ. ಉಳಿದ ಮೂರು ನೋಡಿ: 3:31ರಲ್ಲಿ ಮೇಲಿಂದ ಬರುವವನು, 19:11ರಲ್ಲಿ ರೋಮನ್ ಅಧಿಪತಿ ಪಿಲಾತನಿಗೆ ಮೇಲಿಂದ ಸಿಕ್ಕ ಅಧಿಕಾರ, 19:23ರಲ್ಲಿ ಹೊಲಿಗೆಯಿಲ್ಲದೆ ಮೇಲಿಂದ ನೇಯ್ದ ಯೇಸುವಿನ ಅಂಗಿ. ಮೂರೂ ಕಡೆ ‘ಮೇಲಿಂದ’ ಎಂಬುದೇ ಅರ್ಥ. ದೇವಾಲಯದ ತೆರೆ ಮೇಲಿಂದ ಕೆಳಗೆ ಹರಿಯಿತು ಎನ್ನುವಾಗ ಮಾರ್ಕನು ಬಳಸುವುದೂ ಇದೇ ಪದ. ಗಲಾತ್ಯ 4:9ರಲ್ಲಿ ಮಾತ್ರ ‘ಮತ್ತೆ’ ಎಂಬ ಅರ್ಥ ಸ್ಪಷ್ಟವಾಗಿದೆ.

ಹಾಗಾದರೆ ‘ಹೊಸದಾಗಿ’ ತಪ್ಪು ಅನುವಾದ ಎಂದು ಹೇಳಿಬಿಡೋಣ ಅನ್ನಿಸಿತು. ತಡೆದುಕೊಂಡೆ. ಈ ಪದಕ್ಕೆ ಎರಡೂ ಅರ್ಥ ಇದೆ, ಹೀಗೆ ಎರಡು ಅರ್ಥದ ಪದ ಬಳಸುವುದು ಯೋಹಾನನ ರೂಢಿ. ಅದೇ ಅಧ್ಯಾಯದ ‘ಪ್ನೂಮಾ’ ಗಾಳಿಯೂ ಹೌದು, ಆತ್ಮವೂ ಹೌದು. ಚರಿತ್ರೆ ನೋಡಿದರೂ ಹಾಗೇ. ಆರಂಭದ ಸಭೆಯ ಹೆಸರಾಂತ ಪ್ರಸಂಗಿ ಕ್ರಿಸೊಸ್ತೊಮನ ಮಾತೃಭಾಷೆಯೇ ಗ್ರೀಕ್. ಅವನೂ ತನ್ನ ಪ್ರಸಂಗದಲ್ಲಿ ಇದನ್ನು ಕೆಲವರು ‘ಪರಲೋಕದಿಂದ’ ಎನ್ನುತ್ತಾರೆ, ಕೆಲವರು ‘ಮೊದಲಿಂದ’ ಎನ್ನುತ್ತಾರೆ ಎಂದೇ ಹೇಳುತ್ತಾನೆ. ಲ್ಯಾಟಿನ್ ಬೈಬಲ್ ‘ಮತ್ತೆ’ ಎಂಬುದನ್ನು ಆರಿಸಿಕೊಂಡಿತು, ಲೂಥರನ ಜರ್ಮನ್ ‘ಹೊಸದಾಗಿ’ ಎಂದಿತು. ಒಳಗಿನ ಭಕ್ತಿಗೆ ಒತ್ತು ಕೊಟ್ಟ ಜರ್ಮನಿಯ ಪಯಟಿಸ್ಟ್ ಪಂಥದವರು ಈ ಹೊಸ ಹುಟ್ಟನ್ನೇ ಎದೆಗೆ ಹಚ್ಚಿಕೊಂಡವರು, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್‌ನವರು ಅದೇ ಪರಂಪರೆಯವರು.

ಹುಡುಗನ ಪ್ರಶ್ನೆಗೆ ಉತ್ತರ 4ನೇ ವಚನದಲ್ಲೇ ಇತ್ತು. ತಾಯಿಯ ಗರ್ಭದಲ್ಲಿ ಎರಡನೇ ಸಲ ಸೇರಲಾದೀತೇ ಎಂದು ಕೇಳುವವನು ನಿಕೊದೇಮ. ಅಲ್ಲಿರುವ ‘ಎರಡನೇ ಸಲ’ ಬೇರೆ ಪದ, ಯೇಸು ಆಡಿದ್ದಲ್ಲ. ಶರೀರದಿಂದ ಹುಟ್ಟಿದ್ದು ಶರೀರವೇ ಎಂದು ಯೇಸು ಅದನ್ನು ಪಕ್ಕಕ್ಕಿಡುತ್ತಾನೆ, ಅಂದರೆ ನೂರು ಸಲ ಗರ್ಭದಿಂದ ಬಂದರೂ ಅದು ಈ ಹುಟ್ಟಲ್ಲ. 5ನೇ ವಚನದಲ್ಲಿ ಯೇಸು ಆಡುವ ನೀರು ಮತ್ತು ಆತ್ಮದಿಂದ ಹುಟ್ಟುವ ಮಾತಿಗೆ ಹಳೆ ಒಡಂಬಡಿಕೆಯ ಯೆಹೆಜ್ಕೇಲ 36 ತೆಗೆದು ನೋಡಿ. ಶುದ್ಧ ನೀರು, ಹೊಸ ಹೃದಯ, ದೇವರ ಆತ್ಮ ಎಲ್ಲ ಅಲ್ಲಿದೆ. ಇಸ್ರಾಯೇಲಿನ ಬೋಧಕನಾಗಿ ನಿನಗೆ ತಿಳಿಯದೇ ಎಂದು ಯೇಸು ಕೇಳಿದ್ದು ಸುಮ್ನೆ ಅಲ್ಲ.

ಮುಂದಿನ ಬುಧವಾರ ಹಾಳೆಯನ್ನೇ ಎಲ್ಲರ ಕೈಗೆ ಕೊಟ್ಟೆ. ಓದಿ ಮುಗಿಸಿದಾಗ ಹಿರಿಯಮ್ಮ ಒಬ್ಬರು, ‘ಬ್ರದರ್, ನಾವೂ ಮೇಲಿಂದ ಮೇಲೆ ಅಂತೀವಲ್ಲ, ಮತ್ತೆ ಮತ್ತೆ ಅನ್ನೋಕೆ’ ಎಂದರು. ನಾನು ಎಷ್ಟು ಪುಸ್ತಕ ತಿರುವಿದ್ದರೂ ಇದು ಹೊಳೆದಿರಲಿಲ್ಲ. ಎರಡು ಅರ್ಥವೂ ನಮ್ಮ ಮನೆಮಾತಿನಲ್ಲೇ ಅಕ್ಕಪಕ್ಕ ಕೂತಿವೆ! ಈಗ ಕಲಿಸುವಾಗ ಅಲ್ಲಿಂದಲೇ ಶುರು ಮಾಡುತ್ತೇನೆ.

ಹುಡುಗನಿಗೆ ಇನ್ನೊಂದು ಪ್ರಶ್ನೆ ಇತ್ತು: ‘ಹಾಗಾದ್ರೆ ನಿಕೊದೇಮ ಕೊನೆಗೆ ಹಾಗೆ ಹುಟ್ಟಿದನಾ ಅಂಕಲ್?’ 19:39 ತೆಗೆದೆವು. ಮೊದಲು ರಾತ್ರಿಯಲ್ಲಿ ಬಂದಿದ್ದವನು ಅಲ್ಲಿ ಮೂವತ್ತು ಕಿಲೋಗೂ ಜಾಸ್ತಿ ಸುಗಂಧದ್ರವ್ಯ ಹೊತ್ತು ಶಿಲುಬೆಯಿಂದ ಇಳಿಸಿದ ದೇಹದ ಹತ್ತಿರ ಬರುತ್ತಾನೆ. ಹುಡುಗ ಆ ವಚನವನ್ನು ತಾನೇ ಇನ್ನೊಮ್ಮೆ ಓದಿದ.