ಇಂಗ್ಲಿಷ್ ಕಲಿಯುತ್ತಿರುವವರನ್ನು ಕೆಲಸಕ್ಕೆ ಸಜ್ಜು ಮಾಡುವುದು ಹೇಗೆ? ಮೊದಲು ಫೋನ್ ಎತ್ತಲು ಕಲಿಸಿ

ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ. ನಮ್ಮ ಇಂಗ್ಲಿಷ್ ಕ್ಲಾಸಿಗೆ ಬರುತ್ತಿದ್ದ ಅಕ್ಕ ಒಬ್ಬರಿಗೆ ಪಾಠದ ನಡುವೆಯೇ ಒಂದು ಕಂಪನಿಯಿಂದ ಫೋನ್ ಬಂತು. ಎದ್ದು ಬಾಗಿಲ ಹತ್ತಿರ ಹೋಗಿ ಮಾತಾಡಿದರು. ಮಾತಾಡಿದರು ಅಂದರೆ, 6 ಸಲ ‘ಎಸ್ ಮೇಡಂ’ ಅಂದರು. ಎರಡು ನಿಮಿಷ ಆಗಿರಬೇಕು. ವಾಪಸ್ ಬಂದಾಗ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ‘ಯಾವ ಕಂಪನಿ?’ ಎಂದೆ. ಗೊತ್ತಿಲ್ಲ. ‘ಯಾವತ್ತು ಹೋಗಬೇಕಂತೆ?’ ‘ಮಂಡೇ ಅಂದಂಗಿತ್ತು ಮೇಡಂ.’ ಬಂದ ನಂಬರಿಗೆ ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. 11 ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದವರು, ಬಟ್ಟೆ ಕೈಗೆ ತಗೊಂಡ ಕೂಡಲೇ ಹೊಲಿಗೆಯ ತಪ್ಪು ಹಿಡಿಯುವವರು. ಆ ಕೆಲಸ ಅವರ ಕೈತಪ್ಪಿತು.

ನಾವು ಅವರಿಗೆ 4 ತಿಂಗಳು ಟೆನ್ಸ್ ಹೇಳಿಕೊಟ್ಟಿದ್ದೆವು. ಫೋನಿನಲ್ಲಿ ಮಾತಾಡುವುದನ್ನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿ, ಈಗ 30–40ರ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಾ ಕೆಲಸ ಹುಡುಕುವವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದೇ ಇರುತ್ತಾರೆ. ಅವರ ಜೊತೆ ಕೂತು ಸಹಾಯ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಕೆಲಸ ಚೆನ್ನಾಗಿಯೇ ಬರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ, ಅಷ್ಟೇ. ಹಾಗಾಗಿ ಇಡೀ ಇಂಗ್ಲಿಷ್ ಕಲಿಸಲು ಹೋಗಬೇಡಿ. ಅವರದೇ ಕೆಲಸದ 20 ವಾಕ್ಯ ಕಲಿಸಿ.

1. ಕನ್ನಡದಲ್ಲೇ ಶುರು ಮಾಡಿ

ಪೆನ್ನು ಹಿಡಿದು ಕೂತು, ಕನ್ನಡದಲ್ಲಿ ಕೇಳಿ: ‘ಬೆಳಗ್ಗೆ ಹೋದ ಮೇಲೆ ಮೊದಲು ಏನು ಮಾಡ್ತಿದ್ರಿ? ಆಮೇಲೆ?’ ಹೆಚ್ಚಿನವರು ‘ಅಯ್ಯೋ, ನಾನೇನು ಮಾಡಿದ್ದೀನಿ, ಸುಮ್ನೆ ಟೈಲರ್’ ಅಂತಲೇ ಶುರು ಮಾಡುತ್ತಾರೆ. ಬಿಡಬೇಡಿ. ಯಾವ ಮಷಿನ್? ಗಂಟೆಗೆ ಎಷ್ಟು ಪೀಸ್? ಹೊಸಬರಿಗೆ ಯಾರು ಹೇಳಿಕೊಡುತ್ತಿದ್ದರು? ಸೂಪರ್‌ವೈಸರ್ ರಜೆ ಹಾಕಿದ ದಿನ ಲೆಕ್ಕ ಬರೆಯುತ್ತಿದ್ದವರು ಯಾರು? ಆ ಅಕ್ಕನಿಗೆ ಸಿಂಗಲ್ ನೀಡಲ್, ಓವರ್‌ಲಾಕ್ ಎರಡೂ ಹೊಲಿಗೆ ಮಷಿನ್ ಬರುತ್ತಿತ್ತು. ಹೊಸ ಹುಡುಗಿಯರಿಗೆ ಕಾಲರ್ ಕೂರಿಸುವುದನ್ನು ಅವರೇ ಕಲಿಸುತ್ತಿದ್ದರು. ಇದು ಹೊರಗೆ ಬರಲು ಮುಕ್ಕಾಲು ಗಂಟೆ ಬೇಕಾಯಿತು.

ಹೊರಗೆ ಹೋಗಿ ದುಡಿಯದವರಲ್ಲೂ ಹೇಳುವಂಥದ್ದು ಇರುತ್ತದೆ. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ನೋಡಿಕೊಂಡವರು, ಬ್ಯಾಂಕಿಗೆ ದುಡ್ಡು ಕಟ್ಟಿ ಬಂದವರು, ಹಬ್ಬಕ್ಕೆ ಹೋಳಿಗೆ ಆರ್ಡರ್ ಹಿಡಿದು ಹೊತ್ತಿಗೆ ಸರಿಯಾಗಿ ಮುಟ್ಟಿಸಿದವರು ಇದ್ದಾರೆ. ಅದನ್ನೂ ಬರೆದುಕೊಳ್ಳಿ.

2. ರೆಸ್ಯೂಮ್: ಬಾಯಿಂದ ಬರದ ವಾಕ್ಯ ಕಾಗದದ ಮೇಲೂ ಬೇಡ

ಇದು ನನ್ನ ಕಡ್ಡಾಯ ನಿಯಮ. ಬರೆದ ಪ್ರತಿ ಸಾಲನ್ನೂ ಅವರಿಂದಲೇ ಜೋರಾಗಿ ಓದಿಸಿ. ನಾಲಿಗೆ ತಡವರಿಸಿದರೆ ಆ ಸಾಲು ತೆಗೆದುಹಾಕಿ. ‘ಐ ವರ್ಕ್ಡ್ ಆ್ಯಸ್ ಎ ಟೈಲರ್ ಫಾರ್ ಇಲೆವೆನ್ ಇಯರ್ಸ್. ಐ ಟ್ರೇನ್ಡ್ ನ್ಯೂ ವರ್ಕರ್ಸ್.’ ಇಷ್ಟು ಸಾಕು. ಒಂದು ಪುಟ ದಾಟಬಾರದು.

ಸೈಬರ್ ಸೆಂಟರ್‌ಗಳಲ್ಲಿ ಮಾಡಿಕೊಡುವ ರೆಡಿಮೇಡ್ ರೆಸ್ಯೂಮ್‌ಗಳ ಬಗ್ಗೆ ಹೇಳಲೇಬೇಕು. ಹೆಸರು ಮಾತ್ರ ಬದಲಿಸಿ ಎಲ್ಲರಿಗೂ ಅದನ್ನೇ ಪ್ರಿಂಟ್ ಕೊಡುತ್ತಾರೆ. ಮೇಲ್ಗಡೆ ಕರಿಯರ್ ಆಬ್ಜೆಕ್ಟಿವ್ ಅಂತ ನಾಲ್ಕು ಸಾಲು, ಓದಿದರೆ ಬರೆಸಿಕೊಂಡವರಿಗೇ ಅರ್ಥವಾಗದು. ‘ಇಂಗ್ಲಿಷ್ 80%’ ಅಂತ ಪಟ್ಟಿ ಎಳೆದಿರುತ್ತಾರೆ. ಇಂಟರ್‌ವ್ಯೂನಲ್ಲಿ ಎದುರು ಕೂತವರು ಆ 80% ನೋಡಿಯೇ ಜೋರಾಗಿ ಇಂಗ್ಲಿಷ್ ಶುರು ಮಾಡುತ್ತಾರೆ, ಇವರು ಅಲ್ಲೇ ಕುಸಿಯುತ್ತಾರೆ. ಈಗ ಎಐ ಆ್ಯಪ್‌ಗಳಲ್ಲಿ ಬರೆಸಿಕೊಳ್ಳುವವರೂ ಜಾಸ್ತಿ. ಕಾಗುಣಿತ ತಿದ್ದಿಸಲು ಬಳಸಿ, ಬೇಡ ಅನ್ನುವುದಿಲ್ಲ. ವಾಕ್ಯ ಮಾತ್ರ ಅವರದೇ ಇರಲಿ. ಜಾತಿ, ಧರ್ಮ, ಮದುವೆ ವಿವರ ಯಾವುದೂ ಬೇಕಿಲ್ಲ. ಅದು ಗಂಡು–ಹೆಣ್ಣು ನೋಡುವಾಗ ಕೊಡುವ ಬಯೋಡೇಟಾದಲ್ಲಿರಲಿ.

3. ಹೆಸರು ಮತ್ತು ಇಮೇಲ್

ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ, ಇನಿಶಿಯಲ್ ಇದೆ. ಆನ್‌ಲೈನ್ ಫಾರಂ ಮಾತ್ರ ‘ಲಾಸ್ಟ್ ನೇಮ್’ ಕೇಳಿಕೊಂಡು ಮುಂದಕ್ಕೆ ಬಿಡುವುದಿಲ್ಲ. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು, ಮತ್ತೊಂದರಲ್ಲಿ ಬರೀ ‘ಕೆ’ ಅಂತ ತುಂಬಿದರೆ ಮುಂದೆ ಪಿಎಫ್ ಖಾತೆ ಮಾಡುವಾಗ ಒದ್ದಾಡಬೇಕು. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ತುಂಬಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಆಧಾರ್‌ಗೂ ಸ್ಪೆಲಿಂಗ್ ಬೇರೆ ಇದ್ದರೆ ಕೆಲಸ ಹುಡುಕುವ ಮೊದಲೇ ಸರಿ ಮಾಡಿಸಿ.

ಇಮೇಲ್‌ಗೆ ಹೆಸರು ಮತ್ತು ಎರಡು ಅಂಕಿ ಸಾಕು. ಪಾಸ್‌ವರ್ಡ್ ಅವರ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅವರ ಕೈಯಲ್ಲೇ ಬರೆಸಿ. ನಿಮ್ಮ ಫೋನಿನಲ್ಲಿ ಅವರ ಇಮೇಲ್ ತೆರೆದಿಟ್ಟುಕೊಳ್ಳಬೇಡಿ. ನೀವು ಊರಿಗೆ ಹೋದಾಗ ಅವರಿಗೆ ಬಂದ ಕಾಗದ ನಿಮ್ಮ ಜೇಬಿನಲ್ಲಿ ಕೂತಿರುತ್ತದೆ.

4. ಎಲ್ಲಿ ಹುಡುಕುವುದು

ಕೇಂದ್ರ ಕಾರ್ಮಿಕ ಇಲಾಖೆ 2015ರಲ್ಲಿ ಶುರು ಮಾಡಿದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್, ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ಹೆಸರು ನೋಂದಾಯಿಸಿ. ದುಡ್ಡು ಕೊಡಬೇಕಿಲ್ಲ. ಜಿಲ್ಲೆಯಲ್ಲಿ ಉದ್ಯೋಗ ಮೇಳ ನಡೆದರೆ ಹೋಗಿ. ಪರಿಚಯದವರ ಬಾಯಲ್ಲಿ ಬರುವ ಸುದ್ದಿಯನ್ನೂ ಬಿಡಬೇಡಿ. ನನಗೆ ಗೊತ್ತಿರುವ ಹೆಚ್ಚಿನವರಿಗೆ ಕೆಲಸ ಸಿಕ್ಕಿದ್ದು ಹಾಗೆಯೇ.

ಕೆಲಸ ಕೊಡುವ ಮೊದಲು ರಿಜಿಸ್ಟ್ರೇಷನ್ ಫೀಸು, ಯೂನಿಫಾರಂ ದುಡ್ಡು, ಟ್ರೇನಿಂಗ್ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ವಿಡಿಯೊ ಲೈಕ್ ಮಾಡಿದರೆ ದಿನಕ್ಕೆ ಸಾವಿರ ರೂಪಾಯಿ ಅನ್ನುವ ವಾಟ್ಸಾಪ್ ಮೆಸೇಜೂ ಮೋಸವೇ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

5. ಫೋನ್

ಎದುರು ಕೂತಾಗ ಮುಖ ನೋಡಿ, ಕೈಸನ್ನೆ ನೋಡಿ ಅರ್ಧ ಅರ್ಥ ಮಾಡಿಕೊಳ್ಳಬಹುದು. ಫೋನಿನಲ್ಲಿ ಅದಿಲ್ಲ. ಜೊತೆಗೆ ಅದು ಹೇಳಿ ಕೇಳಿ ಬರುವುದಿಲ್ಲ. ಒಲೆ ಮೇಲೆ ಸಾರು ಕುದಿಯುವಾಗ, ಬಸ್ಸಿನಲ್ಲಿ ನಿಂತಿರುವಾಗ ಬರುತ್ತದೆ. ಎಲ್ಲರೂ ಇಂಟರ್‌ವ್ಯೂಗೆ ತಯಾರಿ ಮಾಡಿಸುತ್ತಾರೆ. ಎಷ್ಟೋ ಜನ ಇಂಟರ್‌ವ್ಯೂ ತನಕ ತಲುಪುವುದೇ ಇಲ್ಲ, ಅದಕ್ಕೆ ಮುಂಚೆ ಈ ಫೋನಿನಲ್ಲೇ ನಿಂತುಹೋಗುತ್ತಾರೆ.

ಮೊದಲು ಫೋನಿನ ಸ್ಥಿತಿ ನೋಡಿ. ರೀಚಾರ್ಜ್ ಮುಗಿದು ಇನ್‌ಕಮಿಂಗ್ ನಿಂತಿದೆಯಾ? ಸಾಲದವರ ಕಾಟ ಅಂತ ಹೊಸ ನಂಬರ್ ಎತ್ತುವುದನ್ನೇ ಬಿಟ್ಟಿದ್ದಾರಾ? ಅರ್ಜಿ ಹಾಕಿದ ಮೇಲೆ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಯಾವ ನಂಬರ್ ಬಂದರೂ ಎತ್ತಲೇಬೇಕು. ಮನೆಗೆಲ್ಲ ಒಂದೇ ಫೋನಾದರೆ ಮಗನಿಗೂ ಗಂಡನಿಗೂ ಹೇಳಿಡಿ: ಕಂಪನಿ ಹೆಸರು, ನಂಬರ್, ಮತ್ತೆ ಯಾವಾಗ ಮಾಡುತ್ತಾರೆ, ಈ ಮೂರನ್ನು ಬರೆದುಕೊಳ್ಳಬೇಕು.

ಆಮೇಲೆ ಒಂದು ಗಟ್ಟಿ ಕಾರ್ಡ್ ಮಾಡಿಸಿ. ಮದುವೆ ಕಾರ್ಡಿನ ಹಿಂಬದಿಯಾದರೂ ಸರಿ. ಅದರಲ್ಲಿ 5 ವಾಕ್ಯ, ಕನ್ನಡ ಅಕ್ಷರದಲ್ಲೇ:

‘ಒನ್ ಮಿನಿಟ್ ಮೇಡಂ, ಐ ವಿಲ್ ಟೇಕ್ ಎ ಪೆನ್.’
‘ಸಾರಿ, ಪ್ಲೀಸ್ ಸೇ ಇಟ್ ಸ್ಲೋಲಿ.’
‘ವಿಚ್ ಕಂಪನಿ, ಮೇಡಂ?’
‘ಯು ಸೆಡ್ ಮಂಡೇ, ಟೆನ್ ಓ ಕ್ಲಾಕ್. ಕರೆಕ್ಟ್?’
‘ಪ್ಲೀಸ್ ವಾಟ್ಸಾಪ್ ಮಿ ದಿ ಅಡ್ರೆಸ್.’

ಮೊದಲ ವಾಕ್ಯವೇ ಎಲ್ಲಕ್ಕಿಂತ ಮುಖ್ಯ. ಪೆನ್ನು ತರುವ ನೆಪದಲ್ಲಿ 10 ಸೆಕೆಂಡ್ ಉಸಿರಾಡಲು ಸಿಗುತ್ತದೆ. ಎದೆ ಹೊಡೆದುಕೊಳ್ಳುವುದು ಸ್ವಲ್ಪ ಇಳಿಯುತ್ತದೆ. ಬಸ್ಸಿನಲ್ಲಿದ್ದರೆ ‘ಐ ಆಮ್ ಇನ್ ದಿ ಬಸ್. ಕ್ಯಾನ್ ಐ ಕಾಲ್ ಯು ಅಟ್ ಫೈವ್?’ ಅನ್ನಬಹುದು. ಅದು ಮರ್ಯಾದೆಗೆಡುವ ಮಾತಲ್ಲ ಅಂತ ನೀವು ಹೇಳಿಕೊಡಬೇಕು. ಬಹಳ ಜನರಿಗೆ ‘ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳಿ’ ಅನ್ನುವುದೇ ದೊಡ್ಡ ಅವಮಾನ ಅನ್ನಿಸುತ್ತದೆ. ಅದಕ್ಕೇ ‘ಎಸ್ ಎಸ್’ ಅನ್ನುತ್ತಾ ಹೋಗುತ್ತಾರೆ. ಹಾಗೆ ಎಸ್ ಅಂದು ನೈಟ್ ಶಿಫ್ಟಿಗೆ ಒಪ್ಪಿಕೊಂಡವರನ್ನು ನಾನು ನೋಡಿದ್ದೇನೆ.

ಅಂಕಿಗಳಲ್ಲಿ ಒಂದು ಗುಂಡಿ ಇದೆ. ಥರ್ಟೀನ್–ಥರ್ಟಿ, ಫಿಫ್ಟೀನ್–ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. 15 ಸಾವಿರ ಸಂಬಳವೋ 50 ಸಾವಿರವೋ, 13ನೇ ತಾರೀಖೋ 30ನೇ ತಾರೀಖೋ? ‘ಒನ್ ಫೈವ್?’, ‘ಒನ್ ತ್ರೀ?’ ಅಂತ ಬಿಡಿಸಿ ಕೇಳುವುದನ್ನು ಕಲಿಸಿ. ಇಮೇಲ್ ಹೇಳುವಾಗಲೂ ಅಕ್ಷರ ಬಿಡಿಸಬೇಕು. ‘ಎಂ’ ಮತ್ತು ‘ಎನ್’ ಎರಡೂ ಒಂದೇ ಥರ ಕೇಳಿಸುತ್ತವೆ. ನಮ್ಮ ಕ್ಲಾಸಿನಲ್ಲಿ ಊರಿನ ಹೆಸರಿಂದಲೇ ಹೇಳಿಸುತ್ತೇವೆ: ಎಂ ಫಾರ್ ಮೈಸೂರು, ಎನ್ ಫಾರ್ ನಂಜನಗೂಡು. ಎನ್ ಫಾರ್ ನೈಜೀರಿಯಾಕ್ಕಿಂತ ಬೇಗ ನೆನಪಿಗೆ ಬರುತ್ತದೆ, ಅಲ್ವಾ?

ಈಗ ಅಭ್ಯಾಸ. ಎದುರುಬದುರು ಕೂತು ಮಾಡಿಸಿದರೆ ಏನೂ ಪ್ರಯೋಜನವಿಲ್ಲ. ಒಬ್ಬರು ಕೋಣೆಯೊಳಗೆ, ಇನ್ನೊಬ್ಬರು ರಸ್ತೆಯಲ್ಲಿ ನಿಂತು ನಿಜವಾದ ಫೋನಿನಲ್ಲೇ ಮಾತಾಡಬೇಕು. ಆಟೊ ಸದ್ದು ಇರಲಿ. ಆಮೇಲಿನ ವಾರ ನೀವು ಹೇಳದೆ ಕೇಳದೆ ಫೋನ್ ಮಾಡಿ. ಬೇರೆ ನಂಬರಿನಿಂದ ಮಾಡಿ. ನಾನು ಆ ಅಕ್ಕನಿಗೆ ಒಂದು ಬುಧವಾರ ಬೆಳಗ್ಗೆ 11ಕ್ಕೆ ಗೆಳತಿಯ ಫೋನಿಂದ ಮಾಡಿದೆ. ಹಿಂದೆ ಕುಕ್ಕರ್ ವಿಸಿಲ್ ಹಾಕುತ್ತಿತ್ತು. ‘ಒನ್ ಮಿನಿಟ್ ಮೇಡಂ, ಐ ವಿಲ್ ಟೇಕ್ ಎ ಪೆನ್’ ಅಂದರು. ಗ್ಯಾಸ್ ಆರಿಸಿದ ಸದ್ದು ಕೇಳಿಸಿತು. ಆಮೇಲೆ ನಿಧಾನವಾಗಿ ಕಂಪನಿ ಹೆಸರು ಕೇಳಿದರು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಹೀಗೆ ಕಡಿಮೆಯೆಂದರೂ 8–10 ಸಲ ಮಾಡಬೇಕು. ಎರಡು ಸಲಕ್ಕೆ ನಿಲ್ಲಿಸಬೇಡಿ.

ಉಚ್ಚಾರಣೆ ತಿದ್ದುತ್ತಾ ಕೂರಬೇಡಿ. ‘ಎಂಡ್’ ಅನ್ನುವುದನ್ನು ‘ಯೆಂಡ್’ ಅಂದರೆ ಯಾರಿಗೂ ತೊಂದರೆಯಿಲ್ಲ. ಮಾತಿನ ವೇಗ ಇಳಿಸಿ, ಪದದ ಕೊನೆ ನುಂಗದಂತೆ ನೋಡಿಕೊಳ್ಳಿ. 30 ದಿನದಲ್ಲಿ ಇಂಗ್ಲಿಷ್ ಅನ್ನುವ ಪುಸ್ತಕಗಳಿಗೆ ದುಡ್ಡು ಹಾಕುವ ಬದಲು ಆ ದುಡ್ಡಿಗೆ ರೀಚಾರ್ಜ್ ಮಾಡಿಸಿ.

6. ಇಂಟರ್‌ವ್ಯೂ

ಫೋನ್ ದಾಟಿದವರಿಗೆ ಇದು ಅಷ್ಟು ಕಷ್ಟವಾಗುವುದಿಲ್ಲ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದಾಗ ‘ಮೈಸೆಲ್ಫ್’ ಅಂತ ಶುರು ಮಾಡುವ ಅಭ್ಯಾಸ ಬಿಡಿಸಿ, ‘ಐ ಆಮ್’ ಅನ್ನಿಸಿ. ಹೆಸರು, ಊರು, ಮಾಡಿದ ಕೆಲಸ, ಈಗ ಬೇಕಾದ ಕೆಲಸ, ನಾಲ್ಕೇ ವಾಕ್ಯ.

ನಡುವೆ ಕೆಲಸ ಬಿಟ್ಟ ವರ್ಷಗಳ ಬಗ್ಗೆ ಕೇಳಿದಾಗ ಹೆಂಗಸರು ತಲೆ ತಗ್ಗಿಸುತ್ತಾರೆ. ಸುಳ್ಳು ಕಟ್ಟಿಕೊಡಬೇಡಿ. ‘ಐ ಟುಕ್ ಕೇರ್ ಆಫ್ ಮೈ ಚಿಲ್ಡ್ರನ್. ನೌ ದೇ ಗೋ ಟು ಸ್ಕೂಲ್. ಐ ಆಮ್ ರೆಡಿ ಟು ವರ್ಕ್.’ ತಲೆಯೆತ್ತಿ ಹೇಳುವ ತನಕ ಹೇಳಿಸಿ. ಕೆಲಸದ ಸೂಕ್ಷ್ಮ ವಿವರಿಸಲು ಇಂಗ್ಲಿಷ್ ಸಾಲದಿದ್ದರೆ ‘ಕ್ಯಾನ್ ಐ ಎಕ್ಸ್‌ಪ್ಲೇನ್ ದಿಸ್ ಇನ್ ಕನ್ನಡ?’ ಅಂತ ಕೇಳಬಹುದು. ಎದುರಿನವರಿಗೂ ಎಷ್ಟೋ ಸಲ ಕನ್ನಡ ಬರುತ್ತಿರುತ್ತದೆ.

ಜಾಗ ಗೊತ್ತಿಲ್ಲದಿದ್ದರೆ ಹಿಂದಿನ ದಿನವೇ ಒಮ್ಮೆ ಹೋಗಿ ಗೇಟು ನೋಡಿಕೊಂಡು ಬರಲಿ. ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿನ ಚಿಂತೆಯಿಲ್ಲ.

7. ಸಂಬಳ ಮತ್ತು ಕಾಗದ

ಸಿಟಿಸಿ ಅಂದರೆ ಒಬ್ಬ ನೌಕರರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದು ಬೇರೆ, ಕೈಗೆ ಬರುವ ಸಂಬಳ ಬೇರೆ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿ. ತಿಂಗಳಿಗೆ 18,000 ಸಿಟಿಸಿ, ಅದರಲ್ಲಿ ಬೇಸಿಕ್ (ಮೂಲ ವೇತನ) 10,000 ಅಂದುಕೊಳ್ಳಿ. ಪಿಎಫ್ ಬೇಸಿಕ್‌ನ 12%, ಅಂದರೆ 1,200. ಇದು ನೌಕರರ ಪಾಲು. ಕಂಪನಿ ಹಾಕುವ 1,200ನ್ನೂ ಸಿಟಿಸಿಯೊಳಗೇ ಸೇರಿಸಿರುತ್ತಾರೆ. ಸಂಬಳ 21,000ದ ಒಳಗಿದ್ದರೆ ಇಎಸ್‌ಐಗೂ ಸ್ವಲ್ಪ ಹೋಗುತ್ತದೆ. ಕೊನೆಗೆ ಕೈಗೆ ಬರುವುದು 15,000ದ ಆಸುಪಾಸು. ಪಿಎಫ್ ಅವರದೇ ದುಡ್ಡು, ಇಎಸ್‌ಐಯಿಂದ ಆಸ್ಪತ್ರೆ ಖರ್ಚಿಗೆ ಆಸರೆ ಅನ್ನುವುದನ್ನೂ ಹೇಳಿ. ‘ಹೌ ಮಚ್ ಇನ್ ಹ್ಯಾಂಡ್, ಸರ್?’ ಅನ್ನುವ ಪ್ರಶ್ನೆಯನ್ನು ಕಾರ್ಡಿನ ಆರನೇ ಸಾಲಾಗಿ ಬರೆಸಿ.

ಆಫರ್ ಲೆಟರ್ ಬಂದರೆ ಸಹಿ ಹಾಕುವ ಮೊದಲು ಜೊತೆಯಲ್ಲಿ ಕೂತು ಓದಿ. ಎಷ್ಟು ಗಂಟೆ ಕೆಲಸ, ವಾರದ ರಜೆ ಯಾವತ್ತು, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಇವಿಷ್ಟಕ್ಕೆ ಗೆರೆ ಎಳೆಯಿರಿ. ಸೇರುವ ದಿನ ಅಂಕಪಟ್ಟಿಯ ಜೆರಾಕ್ಸ್ ಕೊಡಲಿ. ಒರಿಜಿನಲ್ ಕೇಳಿದರೆ ತೋರಿಸಿ, ಅಲ್ಲೇ ನಿಂತು ವಾಪಸ್ ಇಸ್ಕೊಂಡು ಬರಲಿ.